ಪ್ರಮಾಣ

ನನ್ನ ಉದ್ಯೋಗವೇನೆಂದು ಊರಿನವರು ಕೇಳಿದಾಗ ಉತ್ತರ ಹೇಳುವುದು ನನಗೆ ಯಾವಾಗಲೂ ಕಷ್ಟವಾಗುತ್ತಿತ್ತು. ವೈದ್ಯನೆಂದರೆ ಸುಳ್ಳಾಗುತ್ತಿತ್ತು, ಮೇಷ್ಟರೆಂದರೆ ಅದೂ ಸುಳ್ಳು. “ವಿಷಶಾಸ್ತ್ರ” ಎಂದು ನಿಜವನ್ನೇ ನುಡಿದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿದು, ಮೊದಲು ನನ್ನ ಕೈಗಳನ್ನೂ ಆಮೇಲೆ ಮುಖವನ್ನೂ ನೋಡುತ್ತಿದ್ದರು. ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತಿದ್ದ ಹಿರಿಯರೊಬ್ಬರು, ನನ್ನ ಕೆಲಸವನ್ನು ತಿಳಿದ ಮೇಲೆ, ಪಾಯಸ ಬಂದಾಗ ಕೈಯನ್ನು ಎಲೆಗೆ ಅಡ್ಡಹಿಡಿದು ನನ್ನ ಕಡೆ ತಿರುಗಿದರು. ನಾನು ಹಾಕಿಸಿಕೊಂಡೆನು. ಅನಂತರ ಅವರೂ ಹಾಕಿಸಿಕೊಂಡರು. ಊಟ ಮುಗಿದು ತಾಂಬೂಲ ಹಾಕಿಕೊಳ್ಳುವಾಗ ಮತ್ತೊಬ್ಬರು ನನ್ನನ್ನು ಕಂಬದ ಮರೆಗೆ ಕರೆದು, ತಮ್ಮ ಮಗನಿಗೆ ಯಾರೋ ಕೈಮದ್ದು ಹಾಕಿರಬಹುದೆಂದೂ, ನನ್ನ ಯಂತ್ರದಲ್ಲಿ ಅದು ಕಾಣುವುದೇ ಎಂದೂ ಗುಟ್ಟಾಗಿ ಕೇಳಿದರು.

ನಮ್ಮ ಭಾಷೆಯೇ ಇಂಥ ಸಂದೇಹಕ್ಕೆ ಎಡೆಗೊಡುತ್ತದೆ. ಕನ್ನಡದಲ್ಲಿ ಮದ್ದು ಎಂದರೆ ಔಷಧಿಯೂ ಹೌದು, ವಿಷವೂ ಹೌದು, ಕೋಟೆಯ ಗೋಡೆಯನ್ನು ಒಡೆಯುವ ಸಿಡಿಮದ್ದೂ ಹೌದು. ಮಗುವಿಗೆ ಮದ್ದು ಕುಡಿಸಿದರೆಂದರೆ ಒಂದು ಅರ್ಥ. ಅಳಿಯನಿಗೆ ಮದ್ದು ಹಾಕಿದರೆಂದರೆ ಮತ್ತೊಂದು. ಹಿಂದಿನವರು ಇವೆರಡಕ್ಕೂ ಬೇರೆ ಬೇರೆ ಮಾತನ್ನು ಹುಡುಕದೆ ಬಿಟ್ಟದ್ದು ಅಜ್ಞಾನದಿಂದಲ್ಲವೆಂದು ನನಗೆ ತೋರುತ್ತದೆ. ವಸ್ತು ಒಂದೇ, ಅದು ಯಾವುದಾಗಬೇಕೆಂಬುದನ್ನು ಅಳತೆಯು ನಿರ್ಣಯಿಸುತ್ತದೆ. ಆ ಅಳತೆಗೆ ನಮ್ಮಲ್ಲಿ ಪ್ರಮಾಣವೆಂದು ಹೆಸರು. ಈ ಮಾತಿಗಾದರೋ ಮೂರು ಅರ್ಥಗಳುಂಟು. ನನ್ನ ಮೂವತ್ತೈದು ವರ್ಷಗಳ ಕೆಲಸವೆಲ್ಲ ಈ ಮೂರರ ನಡುವೆ ಕಳೆಯಿತು. ಮೊದಲನೆಯದನ್ನು ಬೇಗ ಕಲಿತೆನು, ಎರಡನೆಯದನ್ನು ಚೆನ್ನಾಗಿ ಕಲಿತೆನು, ಮೂರನೆಯದನ್ನು ತಡವಾಗಿ ಕಲಿತೆನು. ಆ ತಡವನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಬರಹ.

ನನ್ನ ಊರು ಮಿಡಿಗೇಶಿ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಕೋಟೆಯನ್ನು ಹೊತ್ತ ಬಂಡೆಯ ಬೆಟ್ಟವೊಂದರ ಕೆಳಗೆ ಅದು ಇದೆ. ನೀಳಗೂದಲಿನ ಹೆಣ್ಣುಮಗಳೊಬ್ಬಳಿಂದ ಊರಿಗೆ ಆ ಹೆಸರು ಬಂದಿತೆಂದು ಹಿರಿಯರು ಹೇಳುತ್ತಿದ್ದರು. ನೀರು ಕಡಿಮೆ, ಕಲ್ಲು ಹೆಚ್ಚು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಸೀಮೆಯ ಖುಷ್ಕಿ ಹೊಲಗಳಲ್ಲಿ ರಾಗಿಯು ಹೊಟ್ಟೆಗೆ, ಕಡಲೆಕಾಯಿಯು ಕೈಗೆ ಎಂಬ ಲೆಕ್ಕದಲ್ಲಿ ಸಂಸಾರಗಳು ನಡೆದುಬಂದವು. ಮಗಳ ಮದುವೆ, ಮಗನ ಓದು, ಸಾಹುಕಾರನ ಬಡ್ಡಿ ಇವೆಲ್ಲವೂ ಕಡಲೆಕಾಯಿಯ ಮೇಲೆಯೇ ನಿಂತಿದ್ದವು. ನಾನು ಮೈಸೂರಿಗೆ ಹೋಗಿ ಓದಿದ್ದೂ ಆ ಕಾಯಿಯ ದುಡ್ಡಿನಿಂದಲೇ.

ಮುಂಗಾರು ಬಿತ್ತನೆಗೆ ಮುಂಚೆ ನಮ್ಮ ಮನೆಯ ಪಡಸಾಲೆಯಲ್ಲಿ ಕಾಯಿ ಒಡೆಯುವ ಕೆಲಸ ನಡೆಯುತ್ತಿತ್ತು. ಕೂಲಿ ಹೆಂಗಸರು ಸಾಲಾಗಿ ಕುಳಿತು ಒಡೆಯುವರು. ಅಜ್ಜಿಯು ಮೊರ ಹಿಡಿದು ಬೀಜವನ್ನು ಮೂರು ಗುಡ್ಡೆ ಮಾಡುವಳು. ಗುಂಡಗೆ ತುಂಬಿದ್ದು ಬಿತ್ತನೆಗೆ. ಅದಕ್ಕೆ ಮಿಕ್ಕ ಒಳ್ಳೆಯದು ಮಾರಾಟಕ್ಕೆ. ಸುಕ್ಕಿದ್ದು, ಹುಳು ಕೊರೆದದ್ದು, ಬಣ್ಣಗೆಟ್ಟದ್ದು, ಮುಗ್ಗಲು ವಾಸನೆಯದು ಇವೆಲ್ಲ ಮೂರನೆಯ ಗುಡ್ಡೆ. ಆ ಮೂರನೆಯ ಗುಡ್ಡೆಯಲ್ಲಿ ಕೊಂಚ ಮನೆಯ ಚಟ್ನಿಗೆ, ಬಹುಪಾಲು ಕೂಲಿಯವರ ಸೆರಗಿಗೆ, ಉಳಿದದ್ದು ಗಾಣಕ್ಕೆ. ಗಾಣದ ಹಿಂಡಿ ಎಮ್ಮೆಗೆ. ಏನನ್ನೂ ಬಿಸಾಡಬಾರದೆಂಬುದು ಧರ್ಮವಾಗಿತ್ತು. ಕೂಲಿಯ ಮೇಲೆ ಒಂದು ಪಾವು ಬೀಜ ಹಾಕಿದರೆ ಅದು ದಾನವೆಂದೇ ಎಣಿಸುತ್ತಿದ್ದೆವು.

ನಾನು ಚಿಕ್ಕವನಾಗಿದ್ದಾಗ ಆ ಗುಡ್ಡೆಯಿಂದ ಹಿಡಿಬೀಜ ತೆಗೆದು ಬಾಯಿಗೆ ಹಾಕಿಕೊಂಡೆನು. ಒಂದು ಬೀಜ ವಿಪರೀತ ಕಹಿಯಾಗಿತ್ತು. ಅಜ್ಜಿ ನನ್ನ ಮುಖವನ್ನು ನೋಡಿ, “ಉಗಿ ಮಗು, ಉಗಿದುಬಿಡು. ನಾಲಿಗೆ ಬೇಡವೆಂದದ್ದನ್ನು ಹೊಟ್ಟೆಯನ್ನು ಕೇಳಬೇಡ” ಎಂದಳು. ನಾನು ಮುಂದೆ ಮೂವತ್ತೈದು ವರ್ಷ ಓದಿದ ಶಾಸ್ತ್ರಕ್ಕೆ ಇದು ಮೊದಲನೆಯ ಪಾಠವೆಂದು ಆಗ ತಿಳಿಯಲಿಲ್ಲ.

ಪ್ರಮಾಣದ ಮೊದಲನೆಯ ಅರ್ಥವು ಅಳತೆ. ಲೋಕದಲ್ಲಿ ವಿಷವಲ್ಲದ ಪದಾರ್ಥವೇ ಇಲ್ಲ, ಅಳತೆಯೊಂದೇ ಭೇದವನ್ನು ಮಾಡುತ್ತದೆ ಎಂಬ ಅಭಿಪ್ರಾಯವನ್ನು ಯೂರೋಪಿನ ವೈದ್ಯ ಪ್ಯಾರಾಸೆಲ್ಸಸನು 16ನೆಯ ಶತಮಾನದಲ್ಲಿ ಬರೆದನು. ನಮ್ಮ ಶಾಸ್ತ್ರದ ಪಾಠಗಳೆಲ್ಲ ಅವನ ಹೆಸರಿನಿಂದಲೇ ಆರಂಭವಾಗುತ್ತವೆ. ಯುಕ್ತಿಯಿಂದ ಬಳಸಿದ ವಿಷವು ಔಷಧವಾಗುವುದೆಂದೂ, ಯುಕ್ತಿಗೆಟ್ಟ ಔಷಧವು ವಿಷವಾಗುವುದೆಂದೂ ಅವನಿಗಿಂತ ಎಷ್ಟೋ ಮುಂಚೆ ಚರಕಸಂಹಿತೆಯಲ್ಲಿ ಹೇಳಿದೆ. ಇದನ್ನು ತಿಳಿಯಲು ನಮ್ಮ ಸೀಮೆಯವರು ಗ್ರಂಥಗಳನ್ನು ನೋಡಬೇಕಾದುದೇ ಇಲ್ಲ. ಪಾವಗಡದ ಕಡೆಯ ಹಳ್ಳಿಗಳಲ್ಲಿ ನಗುವವರ ಹಲ್ಲುಗಳನ್ನು ನೋಡಿದರೆ ಸಾಕು. ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಒಂದಿಷ್ಟು ಇದ್ದರೆ ಹಲ್ಲು ಹುಳುಕು ಹಿಡಿಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿ, ವರ್ಷಗಟ್ಟಲೆ ಅದನ್ನೇ ಕುಡಿದರೆ ಬೆಳೆಯುವ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಹೆಚ್ಚಾದರೆ ಬೆನ್ನು ಬಗ್ಗದಂತಾಗುತ್ತದೆ, ಮೊಳಕಾಲು ಸೊಟ್ಟಗಾಗುತ್ತದೆ. ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಈ ರೋಗವನ್ನು ಗುರುತಿಸಿ ಬರೆದದ್ದು 1937ರಲ್ಲಿ. ನಮ್ಮಲ್ಲಿ ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಬಂಡೆಯ ಆಳಕ್ಕೆ ಇಳಿದಂತೆಲ್ಲ ಆ ಅಂಶವು ಹೆಚ್ಚುತ್ತ ಹೋಯಿತು. ಹಳ್ಳಿಹಳ್ಳಿಯಲ್ಲಿ ಶುದ್ಧ ನೀರಿನ ಘಟಕಗಳು ಕಾಣಿಸಿಕೊಂಡದ್ದು ತೀರ ಈಚೆಗೆ.

ಆಹಾರದೊಳಗೆ ಸೇರುವ ರಾಸಾಯನಿಕಗಳಿಗೂ ಇಂತಹದೇ ಲೆಕ್ಕವನ್ನು ವಿದ್ವಾಂಸರು ಕಟ್ಟಿದ್ದಾರೆ. ಇಲಿಗಳಿಗೆ ಒಂದು ವಸ್ತುವನ್ನು ದಿನವೂ ತಿನ್ನಿಸಿ, ಯಾವ ಅಳತೆಯವರೆಗೆ ಯಾವ ಕೇಡೂ ಕಾಣುವುದಿಲ್ಲವೋ ಅದನ್ನು ಗೊತ್ತುಮಾಡುತ್ತಾರೆ. ಮನುಷ್ಯನು ಇಲಿಗಿಂತ ಹತ್ತು ಪಟ್ಟು ಸೂಕ್ಷ್ಮನಾಗಿರಬಹುದೆಂದು ಅದನ್ನು 10ರಿಂದ ಭಾಗಿಸುತ್ತಾರೆ. ಮನುಷ್ಯರಲ್ಲೇ ಬಸುರಿ, ಮಗು, ಮುದುಕ, ರೋಗಿ ಎಂಬ ಭೇದವಿರುವುದರಿಂದ ಮತ್ತೊಮ್ಮೆ 10ರಿಂದ ಭಾಗಿಸುತ್ತಾರೆ. ನೂರರಲ್ಲಿ ಒಂದು ಪಾಲು ನಮ್ಮ ದಿನದ ಮಿತಿ. ತಿಳಿಯದುದಕ್ಕೆ ಜಾಗ ಬಿಟ್ಟು ಕಟ್ಟಿದ ಈ ಲೆಕ್ಕದ ವಿನಯವನ್ನು ನಾನು ಮೊದಲ ದಿನವೇ ಮೆಚ್ಚಿಕೊಂಡೆನು. ಪ್ರಪಂಚದ ಎಲ್ಲ ವಿಷಗಳೂ ಹೀಗೆ ಮಿತಿಗೆ ಒಳಪಡುವುವೆಂದು ನಂಬಿ ನನ್ನ ಕೆಲಸವನ್ನು ಆರಂಭಿಸಿದೆನು. ಆ ನಂಬಿಕೆಯನ್ನು ಅಲ್ಲಾಡಿಸಿದ್ದು ನಮ್ಮ ಮನೆಯ ಕಡಲೆಕಾಯಿ.

1960ರಲ್ಲಿ ಇಂಗ್ಲೆಂಡಿನ ಕೋಳಿಸಾಕಣೆಯ ಮನೆಗಳಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದನ್ನು ಎಕ್ಸ್ ರೋಗವೆಂದು ಕರೆದರು. ಹುಡುಕುತ್ತ ಹೋದಾಗ ಆ ಕೋಳಿಗಳೆಲ್ಲ ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯನ್ನು ತಿಂದಿದ್ದವೆಂದು ಗೊತ್ತಾಯಿತು. ಹಿಂಡಿಯಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಹಸಿರು ಹಳದಿ ಬಣ್ಣದ ಬೂಷ್ಟು ಬೆಳೆದಿತ್ತು. ಆ ಬೂಷ್ಟು ಒಂದು ವಿಷವನ್ನು ಉಂಟುಮಾಡಿತ್ತು. ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಬೀಜವನ್ನು ಅರೆದು ಕ್ಲೋರೋಫಾರಮ್ಮಿನಲ್ಲಿ ನೆನೆಸಿ, ಆ ರಸದ ಒಂದು ತೊಟ್ಟನ್ನು ಸಿಲಿಕಾ ಲೇಪಿಸಿದ ಗಾಜಿನ ಮೇಲೆ ಹರಿಸಿ, ಕತ್ತಲೆಯ ಕೋಣೆಯಲ್ಲಿ ಅತಿನೇರಳೆ ದೀಪದ ಕೆಳಗೆ ಹಿಡಿದರೆ, ವಿಷವಿದ್ದ ಕಡೆ ತಿಳಿನೀಲಿಯ ಚುಕ್ಕೆಯೊಂದು ಹೊಳೆಯುತ್ತದೆ. ಅದರ ಇನ್ನೊಂದು ಬಗೆಯು ಹಸಿರಾಗಿ ಹೊಳೆಯುತ್ತದೆ. ನನ್ನ ಯೌವನವೆಲ್ಲ ಆ ಕತ್ತಲೆಯ ಕೋಣೆಯಲ್ಲಿ ಆ ನೀಲಿ ಚುಕ್ಕೆಯನ್ನು ನೋಡುವುದರಲ್ಲಿ ಕಳೆಯಿತು. ಅದರಷ್ಟು ಚೆಲುವಾದ ಬಣ್ಣವನ್ನು ನಾನು ಮತ್ತೆಲ್ಲಿಯೂ ಕಂಡಿಲ್ಲ.

ಈ ವಿಷವು ಯಕೃತ್ತನ್ನು ಕೆಡಿಸುತ್ತದೆ. ಬಹುಕಾಲ ಹೊಟ್ಟೆಗೆ ಹೋದರೆ ಅಲ್ಲಿ ಅರ್ಬುದವನ್ನು ಹುಟ್ಟಿಸಬಲ್ಲುದು. ಕಾಮಾಲೆಯ ಬಿ ವೈರಾಣು ದೇಹದಲ್ಲಿರುವವರಿಗೆ ಅಪಾಯವು ಹಲವು ಪಟ್ಟು. ಹುರಿದರೆ ಕೊಂಚ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಹಿಂಡಿಯನ್ನು ತಿಂದ ಹಸುವಿನ ಹಾಲಿನಲ್ಲಿಯೂ ರೂಪಾಂತರ ಹೊಂದಿ ಇಳಿಯುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಕಳವಳಗೊಳಿಸಿದ ವಿಷಯವೆಂದರೆ, ಇಂಥ ವಸ್ತುವಿಗೆ ಇಲಿಯ ಲೆಕ್ಕವು ಹೊಂದುವುದಿಲ್ಲವೆಂಬುದು. ಇದರ ಕೆಳಗೆ ಕೇಡಿಲ್ಲ ಎಂದು ಗೆರೆ ಎಳೆಯುವುದಕ್ಕೆ ಶಾಸ್ತ್ರವು ಧೈರ್ಯಮಾಡುವುದಿಲ್ಲ. ಸಾಧ್ಯವಾದಷ್ಟು ಕಡಿಮೆಯಿರಲಿ ಎಂದಷ್ಟೇ ಹೇಳುತ್ತದೆ.

ಮೈಸೂರಿನಲ್ಲಿ ಇದರ ಕಹಿಯನ್ನು ಬಹು ಸಮೀಪದಿಂದ ಕಂಡವರುಂಟು. 1950ರಲ್ಲಿ ಚೆಲುವಾಂಬಾ ಅರಮನೆಯಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯವು, ವಿ. ಸುಬ್ರಹ್ಮಣ್ಯನ್ ಅವರ ನಾಯಕತ್ವದಲ್ಲಿ, ಹಸಿದ ಮಕ್ಕಳಿಗೆ ಅಗ್ಗದ ಪುಷ್ಟಿ ದೊರೆಯಲೆಂದು ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟನ್ನು ಬೆರೆಸಿ ವಿವಿಧೋದ್ದೇಶ ಆಹಾರವೆಂಬುದನ್ನು ಸಿದ್ಧಪಡಿಸಿತು. ಎಣ್ಣೆ ತೆಗೆದ ಮೇಲೆ ದನಕ್ಕೆ ಹೋಗುತ್ತಿದ್ದ ಹಿಂಡಿಯಿಂದ ಮಕ್ಕಳ ಪ್ರಾಣ ಉಳಿಯುವುದೆಂಬುದು ಎಂತಹ ಸುಂದರವಾದ ಯೋಚನೆ! ಅದರ ಮೇಲೆ ಇಂಗ್ಲೆಂಡಿನ ಸುದ್ದಿ ಬಂದಿತು. ಮೈಸೂರಿನ ಶ್ರೀನಿವಾಸಮೂರ್ತಿ, ಪಾರ್ಪಿಯಾ ಮೊದಲಾದ ವಿಜ್ಞಾನಿಗಳು ಹಿಟ್ಟಿನಲ್ಲಿರುವ ವಿಷವನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ನಾಶಮಾಡುವ ವಿಧಾನವನ್ನು 1967ರಲ್ಲಿ ಪ್ರಕಟಿಸಿದರು. ಆದರೆ ಅಷ್ಟರಲ್ಲಿ ಒಂದು ದುಃಖದ ಪ್ರಸಂಗ ನಡೆದಿತ್ತು. ಪುಷ್ಟಿಯಿಲ್ಲದೆ ಮೈಬಾತು ಬಂದ ಮಕ್ಕಳಿಗೆ ಚಿಕಿತ್ಸೆಯೆಂದು ಕೊಟ್ಟ ಕಡಲೆಕಾಯಿ ಹಿಟ್ಟಿನಲ್ಲಿ, ಯಾರಿಗೂ ತಿಳಿಯದೆ, ಕಿಲೋಗ್ರಾಮಿಗೆ ಸುಮಾರು 300 ಮೈಕ್ರೋಗ್ರಾಂ ಅಫ್ಲಟಾಕ್ಸಿನ್ ಇತ್ತು. ಐದು ದಿನದಿಂದ ಒಂದು ತಿಂಗಳವರೆಗೆ ಮಕ್ಕಳು ಅದನ್ನು ತಿಂದರು. ತಿಳಿದ ಕೂಡಲೆ ನಿಲ್ಲಿಸಿದರು; ಆದರೆ ಮಕ್ಕಳ ಯಕೃತ್ತಿಗೆ ಕೇಡಾಗಿತ್ತು. ಅಮ್ಲಾ ಮತ್ತು ಅವರ ಸಂಗಡಿಗರು ಇದನ್ನು ಮರೆಮಾಚದೆ 1971ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದರು. ತಾವು ಮದ್ದೆಂದು ಕೊಟ್ಟದ್ದೇ ಮದ್ದಾಯಿತೆಂದು ಲೋಕದ ಮುಂದೆ ಒಪ್ಪಿಕೊಳ್ಳುವುದು ಸುಲಭವಲ್ಲ. ಆ ಲೇಖನವನ್ನು ನಾನು ಎಷ್ಟು ಸಲ ಓದಿರುವೆನೋ ಲೆಕ್ಕವಿಲ್ಲ. ಓದಿದಾಗಲೆಲ್ಲ ಅವರ ಜಾಗದಲ್ಲಿ ನಾನಿದ್ದರೆ ಇದೇ ಧೈರ್ಯವನ್ನು ತೋರುತ್ತಿದ್ದೆನೆಂದು ಅಂದುಕೊಳ್ಳುತ್ತಿದ್ದೆನು. ಅದು ಹುಸಿಯೆಂದು ಮುಂದೆ ತಿಳಿಯಿತು.

ಇನ್ನು ಎರಡನೆಯ ಅರ್ಥ. ತರ್ಕಶಾಸ್ತ್ರದಲ್ಲಿ ಪ್ರಮಾಣವೆಂದರೆ ಜ್ಞಾನದ ಸಾಧನ, ಆಧಾರ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯುಂಟೆಂದು ತಿಳಿಯುವುದು ಅನುಮಾನ. ಕನ್ನಡದಲ್ಲಿ ಅನುಮಾನವೆಂದರೆ ಸಂದೇಹವೆಂದೇ ಅರ್ಥವಾಗಿಬಿಟ್ಟಿರುವುದು ಒಂದು ವಿನೋದ. ನಮ್ಮ ವಿಷಶಾಸ್ತ್ರದ ಬಹುಭಾಗವು ಈ ಎರಡೂ ಅರ್ಥದ ಅನುಮಾನವೇ ಆಗಿದೆ.

ಕಡಲೆಕಾಯಿಯಲ್ಲಿ ಆಧಾರವನ್ನು ಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ವಾಚಕರು ಕೇಳಬೇಕು. ವಿಷವು ಮೂಟೆಯಲ್ಲಿ ಸಮವಾಗಿ ಹರಡಿರುವುದಿಲ್ಲ. ಸಾವಿರಾರು ಬೀಜಗಳಲ್ಲಿ ಒಂದೋ ಎರಡೋ ಬೀಜಗಳೊಳಗೆ ಎಲ್ಲವೂ ಅಡಗಿರಬಹುದು. ಒಂದು ಹಿಡಿ ತೆಗೆದು ನೋಡಿ ಇಲ್ಲವೆನ್ನುವಿರಿ. ಮತ್ತೊಂದು ಹಿಡಿಯಲ್ಲಿ ಅದು ತುಂಬಿರುತ್ತದೆ. ಆದ್ದರಿಂದ ಹಲವು ಸೇರು ಬೀಜವನ್ನು ಮೂಟೆಯ ಮೇಲೆ, ನಡುವೆ, ತಳದಲ್ಲಿ ತೆಗೆದು, ಎಲ್ಲವನ್ನೂ ಒಟ್ಟಿಗೆ ಅರೆದು ಪರೀಕ್ಷಿಸಬೇಕು. ಬೂಷ್ಟು ಬರುವುದು ಕಣಜದಲ್ಲಿ ಮಾತ್ರವೇ ಎಂದು ಬಹುಕಾಲ ತಿಳಿದಿದ್ದೆವು. ಅದೂ ತಪ್ಪು. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು, ನೆಲ ಕಾದು, ಗಿಡ ಬಾಡಿದರೆ ಮಣ್ಣಿನಲ್ಲಿಯೇ ಇರುವ ಬೂಷ್ಟು ಕಾಯಿಯೊಳಕ್ಕೆ ಹೊಗುತ್ತದೆ. ಗೆದ್ದಲು ತೂತು ಮಾಡಿದ್ದರೆ ಅದಕ್ಕೆ ಬಾಗಿಲು ತೆರೆದಂತೆಯೇ. ಎಂದರೆ ಬರಗಾಲವು ರೈತನ ಫಸಲನ್ನು ಕಿತ್ತುಕೊಳ್ಳುವುದಲ್ಲದೆ, ಉಳಿಸಿದ ಫಸಲಿಗೆ ವಿಷವನ್ನೂ ಬೆರೆಸಿ ಹೋಗುತ್ತದೆ. ಇದನ್ನು ಓದಿದ ದಿನ ನನಗೆ ನಮ್ಮ ಪಡಸಾಲೆಯ ಮೂರನೆಯ ಗುಡ್ಡೆಯು ಕಣ್ಣಿಗೆ ಕಟ್ಟಿತು.

1980ರ ದಶಕದ ನಡುವೆ ಬಂದ ಬರದ ವರ್ಷಗಳಲ್ಲಿ ಒಂದರಲ್ಲಿ ನಾನು ಊರಿಗೆ ಹೋಗಿ ಮೂರು ಗುಡ್ಡೆಗಳಿಂದಲೂ ಬೇರೆ ಬೇರೆಯಾಗಿ ಬೀಜವನ್ನು ತೆಗೆದು ಚೀಲಗಳಿಗೆ ತುಂಬಿದೆನು. ಸುತ್ತಿನ ಹತ್ತಾರು ಹಳ್ಳಿಗಳಲ್ಲಿಯೂ ಹಾಗೆಯೇ ಮಾಡಿದೆನು. ನಮ್ಮ ಮನೆಯಲ್ಲಿ ಕಾಯಿ ಒಡೆಯುತ್ತಿದ್ದವರಲ್ಲಿ, ನನ್ನನ್ನು ಎಳೆತನದಲ್ಲಿ ಎತ್ತಿ ಆಡಿಸಿದ ಒಬ್ಬ ಹೆಂಗಸು ಇದ್ದಳು. ಆಕೆ ಮೂರನೆಯ ಗುಡ್ಡೆಯಿಂದ ತನ್ನ ಪಾಲನ್ನು ಸೆರಗಿಗೆ ಕಟ್ಟಿಕೊಳ್ಳುತ್ತ, “ನೀವು ಇಸ ಕಂಡ್‍ಹಿಡಿಯೋರಂತೆ ಬುದ್ಧೀ. ಈ ಬೀಜ ತಿನ್‍ಬೌದಾ?” ಎಂದು ಕೇಳಿದಳು. ನಾನು, “ಇನ್ನೂ ಪರೀಕ್ಷೆ ಮಾಡಬೇಕಮ್ಮ” ಎಂದೆನು. ಆಕೆ, “ನೋಡಿ ಹೇಳಿ. ಬ್ಯಾಡ ಅಂದ್ರೆ ಮಕ್ಕಳಿಗೆ ಹುರಿಯಾಕಿಲ್ಲ” ಎಂದು ಹೊರಟುಹೋದಳು.

ಎರಡು ತಿಂಗಳಲ್ಲಿ ಪರೀಕ್ಷೆ ಮುಗಿಯಿತು. ಮೊದಲೆರಡು ಗುಡ್ಡೆಗಳ ಗಾಜಿನ ಮೇಲೆ ಕತ್ತಲೆಯಲ್ಲಿ ಹೆಚ್ಚೇನೂ ಕಾಣಲಿಲ್ಲ. ಮೂರನೆಯದು ನಕ್ಷತ್ರದಂತೆ ಹೊಳೆಯಿತು. ಆಗ ನಮ್ಮ ದೇಶದ ಕಾಯಿದೆಯು ಒಪ್ಪಿದ್ದ ಮಿತಿ ಕಿಲೋಗ್ರಾಮಿಗೆ 30 ಮೈಕ್ರೋಗ್ರಾಂ. ಅದನ್ನು ಈ ಬೀಜ ಹಲವು ಪಟ್ಟು ಮೀರಿತ್ತು. ನಾನು ಮೇಲಿನ ಅಧಿಕಾರಿಗಳಿಗೆ ತೋರಿಸಿದೆನು. ಅವರು ಒಳ್ಳೆಯವರು, ಎಚ್ಚರಿಕೆಯುಳ್ಳವರು. “ಒಂದು ವರ್ಷದ ಫಸಲನ್ನು ನೋಡಿ ಮಾತಾಡಬಾರದು. ಇನ್ನೆರಡು ವರ್ಷ ನೋಡೋಣ. ಈಗಲೇ ಸುದ್ದಿ ಹಬ್ಬಿದರೆ ಆ ಸೀಮೆಯ ಕಾಯಿಯನ್ನು ಯಾರೂ ಕೊಳ್ಳುವುದಿಲ್ಲ” ಎಂದರು. ನನಗೂ ಅದು ಸರಿಯೆಂದೇ ತೋರಿತು. ಆ ಪ್ರಯೋಗಾಲಯದ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ತಪ್ಪು ನನ್ನದೇ ಹೊರತು ಅದರದಲ್ಲ. ಲೋಕಕ್ಕೆ ಹೇಳಬಾರದೆಂದು ಅವರು ತಡೆದರೇ ಹೊರತು, ನಮ್ಮ ಮನೆಯ ಪಡಸಾಲೆಯಲ್ಲಿ ಹೇಳಬಾರದೆಂದು ಯಾರೂ ನನ್ನನ್ನು ತಡೆಯಲಿಲ್ಲ. ನಾನು ಆ ಎರಡು ವರ್ಷಗಳಲ್ಲಿ ನಾಲ್ಕು ಸಲ ಊರಿಗೆ ಹೋಗಿದ್ದೆನು. ಆಕೆಯನ್ನು ನೋಡಿದೆನು, ಮಾತಾಡಿಸಿದೆನು. ಆಕೆ ಮತ್ತೆ ಕೇಳಲಿಲ್ಲ, ನಾನು ಹೇಳಲಿಲ್ಲ. ಆಧಾರ ಪೂರ್ತಿಯಾಗದೆ ನುಡಿಯಬಾರದೆಂಬ ಅಭ್ಯಾಸವು ನನ್ನ ನಾಲಿಗೆಯನ್ನು ಅಷ್ಟು ಬಿಗಿಯಾಗಿ ಕಟ್ಟಿತ್ತು.

ಮೂರನೆಯ ವರ್ಷ ಲೇಖನವು ಇಂಗ್ಲಿಷಿನಲ್ಲಿ ಅಚ್ಚಾಯಿತು. ಮಿಡಿಗೇಶಿಯಲ್ಲಿ ಅದನ್ನು ಓದುವವರು ಯಾರೂ ಇರಲಿಲ್ಲ. ಅದೇ ವರ್ಷ ಆಕೆ ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ, ಎರಡು ತಿಂಗಳು ನರಳಿ ತೀರಿಕೊಂಡಳು.

ಆ ಬೀಜದಿಂದಲೇ ಆಕೆ ಸತ್ತಳೆಂದು ನಾನು ಹೇಳಲಾರೆನು. ಕಾಮಾಲೆಗೆ ಕಾರಣಗಳು ಹಲವು. ವೈರಾಣು ಇರಬಹುದು, ನೀರು ಇರಬಹುದು. ಆ ಬೀಜದಿಂದ ಅಲ್ಲವೆಂದೂ ಹೇಳಲಾರೆನು. ನ್ಯಾಯಾಲಯದಲ್ಲಿ ನಿಲ್ಲಿಸಿ ಕೇಳಿದರೆ ಆಧಾರವಿಲ್ಲವೆಂದೇ ಹೇಳಬೇಕು, ಅದು ಸತ್ಯವೂ ಹೌದು. ಒಂಟಿ ಸಾವಿಗೆ ನಮ್ಮ ಶಾಸ್ತ್ರದಲ್ಲಿ ಉತ್ತರವಿಲ್ಲ. ಗುಂಪಾಗಿ ಸತ್ತರೆ ಮಾತ್ರ ಅದು ಕಣ್ಣು ತೆರೆಯುತ್ತದೆ. 1974ರ ಕೊನೆಯಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಯ ಬುಡಕಟ್ಟಿನ ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆನೆದ ಮುಸುಕಿನ ಜೋಳವನ್ನು ತಿಂದು 397 ಜನ ಕಾಮಾಲೆಗೆ ಒಳಗಾದರು. 106 ಜನ ಸತ್ತರು. ಅದೇ ಮನೆಗಳ ಅನ್ನವನ್ನು ತಿಂದ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ, ಭಟ್ ಮೊದಲಾದವರು ಅಲ್ಲಿಗೆ ಹೋಗಿ ಕಾರಣವನ್ನು ಕಂಡುಹಿಡಿದರು. ಅಲ್ಲಿ ಸಾವುಗಳು ಎಣಿಸುವಷ್ಟಿದ್ದವು. ನಮ್ಮ ಪಡಸಾಲೆಯಲ್ಲಿ ಇದ್ದದ್ದು ಒಂದೇ.

ಆಧಾರ ಸಾಲದೆಂದು ಕಾಯುವ ಕಾಲದ ಬೆಲೆಯನ್ನು ಕಾಯುವವನು ತೆರುವುದಿಲ್ಲವೆಂಬುದನ್ನು ನಮ್ಮ ಭಾಷೆಯವರು ಕಾಸರಗೋಡಿನಲ್ಲಿಯೂ ಕಂಡರು. ಅಲ್ಲಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ಎಣ್ಮಕಜೆಯ ಪಡ್ರೆಯಂತಹ ಊರುಗಳಲ್ಲಿ ಅಂಗವಿಕಲರಾಗಿ, ಬುದ್ಧಿ ಬೆಳೆಯದೆ ಹುಟ್ಟುವ ಮಕ್ಕಳು ಹೆಚ್ಚುತ್ತಿರುವರೆಂದು ಅಲ್ಲಿನ ಹಳ್ಳಿಯ ವೈದ್ಯರೊಬ್ಬರು ವರ್ಷಗಟ್ಟಲೆ ಹೇಳಿದರು. ಸಂಬಂಧವು ಸಿದ್ಧವಾಗಿಲ್ಲವೆಂದು ಸಮಿತಿಗಳು ಚರ್ಚಿಸುತ್ತ ಹೋದವು. ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ಆ ಸಮಿತಿಗಳಲ್ಲಿ ನನ್ನಂಥವರೇ ಇದ್ದಿರಬೇಕು. ಅವರನ್ನು ದೂರುವುದಕ್ಕೆ ನನಗೆ ಬಾಯಿಲ್ಲ.

ಆಕೆಯ ಸಾವಿನ ಸುದ್ದಿಯನ್ನು ನನಗೆ ಹೇಳಿದವಳು ನನ್ನ ತಾಯಿ. ಆ ರಾತ್ರಿ ಎಲ್ಲವನ್ನೂ ತಾಯಿಗೆ ಬಿಚ್ಚಿ ಹೇಳಿದೆನು: ಗಾಜು, ಚುಕ್ಕೆ, ಮಿತಿ, ಲೇಖನ. ಆಕೆ ದೀಪದ ಬತ್ತಿಯನ್ನು ಸರಿಮಾಡುತ್ತ ಕೇಳುತ್ತಿದ್ದಳು. ಕೊನೆಗೆ, “ಅಷ್ಟೆಲ್ಲ ಓದಿ, ಬೇಡ ಅನ್ನೋ ಒಂದು ಮಾತಿಗೆ ನಿನಗೆ ಎರಡು ವರ್ಷ ಬೇಕಾಯಿತೇನೋ?” ಎಂದಳು. ನಾನು, “ಪ್ರಮಾಣ ಸಾಲದಾಗಿತ್ತಮ್ಮ” ಎಂದೆನು. ತಾಯಿಗೆ ಆ ಮಾತಿನ ಶಾಸ್ತ್ರಾರ್ಥ ತಿಳಿಯದು. ಊರಿನಲ್ಲಿ ಪ್ರಮಾಣವೆಂದರೆ ದೇವರ ಮುಂದೆ ಕರ್ಪೂರ ಹಚ್ಚಿ ಆಣೆಯಿಡುವುದು. ಆಕೆ, “ಪ್ರಮಾಣ ಮಾಡು ಅಂತ ನಿನ್ನನ್ನು ಯಾರು ಕೇಳಿದರು? ನಿನಗೆ ತಿಳಿದಷ್ಟು ಹೇಳು ಅಂದಳು ಅವಳು” ಎಂದು ಎದ್ದುಹೋದಳು.

ಮೂರನೆಯ ಅರ್ಥವು ನನಗೆ ಹೊಳೆದದ್ದು ಆಗ. ಆಣೆಯಿಡುವವನು ಎಲ್ಲವನ್ನೂ ಬಲ್ಲವನಲ್ಲ. ಬಲ್ಲುದನ್ನು ಬಚ್ಚಿಡೆನೆಂದು ಮಾತು ಕೊಡುವವನು. ಲೋಕಕ್ಕೆ ಸಿದ್ಧಾಂತವನ್ನು ಹೇಳುವುದಕ್ಕೆ ಬೇಕಾಗುವ ಆಧಾರ ಬೇರೆ, ನೆರೆಯವಳಿಗೆ ಎಚ್ಚರಿಕೆಯನ್ನು ಹೇಳುವುದಕ್ಕೆ ಬೇಕಾಗುವ ಆಧಾರ ಬೇರೆ. ಮೊದಲನೆಯದಕ್ಕೆ ಮೂರು ಫಸಲು ಬೇಕಾಗಬಹುದು. ಎರಡನೆಯದಕ್ಕೆ ಒಂದು ಗಾಜಿನ ಫಲಕ ಸಾಕು. ಖಚಿತವಾಗಿಲ್ಲ, ಆದರೂ ನಾನಾದರೆ ತಿನ್ನೆನು ಎಂದು ಹೇಳುವುದರಲ್ಲಿ ಶಾಸ್ತ್ರಕ್ಕೆ ಯಾವ ಅಪಚಾರವೂ ಇಲ್ಲ. ಅಜ್ಜಿ ಅದನ್ನೇ ಹೇಳಿದ್ದಳು.

ಮುಂದಿನ ವರ್ಷ ಕಾಯಿ ಒಡೆಯುವ ಕಾಲಕ್ಕೆ ನಾನು ರಜೆ ಹಾಕಿ ಊರಿಗೆ ಹೋದೆನು. ಪಡಸಾಲೆಯಲ್ಲಿ ಕುಳಿತು ಮೂರನೆಯ ಗುಡ್ಡೆಯನ್ನು ಯಾರೂ ತಿನ್ನಬಾರದೆಂದು ಕೂಲಿಯ ಹೆಂಗಸರಿಗೆ ಹೇಳಿದೆನು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ತಲೆ ಎತ್ತದೆ, “ತಿನ್‍ಬ್ಯಾಡ ಅಂದ್ರೆ ಬ್ಯಾರೆ ಏನ್ ಕೊಡ್ತೀರಿ ಬುದ್ಧೀ?” ಎಂದಳು. ಇಂಥದೇ ಪ್ರಶ್ನೆಯನ್ನು 1966ರಲ್ಲಿ ವಿಶ್ವಸಂಸ್ಥೆಯ ತಜ್ಞರೂ ಎದುರಿಸಿದ್ದರು. ಮಕ್ಕಳ ಆಹಾರದ ಕಡಲೆಕಾಯಿ ಹಿಟ್ಟಿಗೆ ಅವರು 30 ಮೈಕ್ರೋಗ್ರಾಮಿನ ಮಿತಿಯನ್ನು ಇಟ್ಟದ್ದು, ಅದು ಕ್ಷೇಮವೆಂದಲ್ಲ; ಅದಕ್ಕಿಂತ ಬಿಗಿಮಾಡಿದರೆ ಹಸಿದ ಮಕ್ಕಳಿಗೆ ಆ ಪುಷ್ಟಿಯೂ ತಪ್ಪೀತೆಂದು. ಯೂರೋಪಿನವರು ಈಗ ನೇರವಾಗಿ ತಿನ್ನುವ ಕಡಲೆಬೀಜಕ್ಕೆ ಕಿಲೋಗ್ರಾಮಿಗೆ 4 ಮೈಕ್ರೋಗ್ರಾಮಿಗಿಂತ ಹೆಚ್ಚನ್ನು ಒಪ್ಪುವುದಿಲ್ಲ. ಅವರ ಯಕೃತ್ತು ನಮ್ಮದಕ್ಕಿಂತ ಎಳೆಯದೆಂದಲ್ಲ, ಅವರಿಗೆ ತಿನ್ನಲು ಬೇರೆ ಉಂಟು ಎಂದು. ಅಳತೆಯೆಂಬುದು ಇಲಿಯಿಂದ ಮಾತ್ರವಲ್ಲ, ಉಣ್ಣುವವನ ಬಡತನದಿಂದಲೂ ನಿಶ್ಚಯವಾಗುತ್ತದೆಂಬುದನ್ನು ಯಾವ ಪಾಠದಲ್ಲಿಯೂ ನನಗೆ ಹೇಳಿರಲಿಲ್ಲ.

ಆ ಹೆಂಗಸಿಗೆ ನಾನು ಉಪನ್ಯಾಸದಿಂದ ಉತ್ತರ ಕೊಡಲಾಗುತ್ತಿರಲಿಲ್ಲ. ಕೂಲಿಯ ಮೇಲಿನ ಪಾವನ್ನು ಎರಡನೆಯ ಗುಡ್ಡೆಯಿಂದ, ಎಂದರೆ ಮಾರಾಟದ ಬೀಜದಿಂದ, ಅಳೆದು ಕೊಡುವುದೆಂದು ತಾಯಿ ಆ ದಿನವೇ ಕಟ್ಟುಮಾಡಿದಳು. ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಒಂದೆರಡು ಮೂಟೆಯ ನಷ್ಟ. ಅಷ್ಟೇ ನಷ್ಟಕ್ಕೆ ಅಂಜಿ ಎಷ್ಟು ತಲೆಮಾರು ನಾವು ದಾನವೆಂದು ಯಾವುದನ್ನು ಕೊಟ್ಟೆವೆಂದು ನೆನೆದರೆ ಈಗಲೂ ಊಟ ಸೇರುವುದಿಲ್ಲ.

ಇದನ್ನು ಓದುವ ಮನೆಗಳಲ್ಲಿ ಹೊಲವಿದ್ದವರೂ ಇರುವಿರಿ, ಅಂಗಡಿಯಿಂದ ತರುವವರೂ ಇರುವಿರಿ. ನಿವೃತ್ತನಾದ ಮೇಲೆ ನಾನು ಕಣದಿಂದ ಕಣಕ್ಕೆ ಹೋಗಿ ಹೇಳುತ್ತ ಬಂದ ಮಾತುಗಳು ಕೆಲವೇ. ಬಲಿತ ಕಾಯಿಯನ್ನು ನೆಲದಲ್ಲಿ ಬಿಟ್ಟು ಕಾಯಬಾರದು. ಕಿತ್ತ ಗಿಡವನ್ನು ಕಾಯಿ ಮೇಲಾಗಿ ತಿರುಗಿಸಿಟ್ಟು, ಅಲ್ಲಾಡಿಸಿದರೆ ಬೀಜ ಗಿಲಕಿಯಂತೆ ಸದ್ದು ಮಾಡುವವರೆಗೆ ಒಣಗಿಸಬೇಕು. ಬೇಗ ಒಡೆಯಲೆಂದು ಕಾಯಿಯ ಮೇಲೆ ನೀರು ಚಿಮುಕಿಸುವ ದುರಭ್ಯಾಸವನ್ನು ಬಿಡಬೇಕು. ಬೂಷ್ಟಿಗೆ ಅಷ್ಟು ತೇವವೇ ಬೇಕಾಗಿರುವುದು. ಚೀಲವನ್ನು ಬರಿಯ ನೆಲದ ಮೇಲೆ ಇಡಬಾರದು. ಸುಕ್ಕಿದ್ದನ್ನೂ ಬಣ್ಣಗೆಟ್ಟದ್ದನ್ನೂ ಕೈಯಿಂದ ಆರಿಸಿ ತೆಗೆದರೆ ವಿಷದ ಬಹುಭಾಗ ಅದರೊಂದಿಗೆ ಹೋಗುತ್ತದೆ. ಕಹಿಯಾದುದನ್ನು ಉಗಿಯಬೇಕು, ಕಹಿಯಿಲ್ಲದ್ದೆಲ್ಲ ಒಳ್ಳೆಯದೆಂದು ಮಾತ್ರ ನಂಬಬಾರದು, ಏಕೆಂದರೆ ನಾಲಿಗೆಗೆ ಈ ವಿಷದ ರುಚಿ ತಿಳಿಯದು. ಆರಿಸಿ ತೆಗೆದದ್ದನ್ನು ಎಮ್ಮೆಗೂ ಹಾಕಬಾರದು.

ಈ ವರ್ಷವೂ ನಮ್ಮ ಪಡಸಾಲೆಯಲ್ಲಿ ಕಾಯಿ ಒಡೆದರು. ನನಗೆ ವಯಸ್ಸು ಎಂಬತ್ತು ದಾಟಿತು. ಮೊರ ಹಿಡಿಯುವ ಶಕ್ತಿಯಿಲ್ಲ. ಆ ದಿನ ಎರಡು ವರ್ಷ ಕಾದು ಸತ್ತವಳ ಮೊಮ್ಮಗಳು ಈಗ ಒಡೆಯುವವರ ಸಾಲಿನಲ್ಲಿ ಕುಳಿತಿರುತ್ತಾಳೆ. ಸಂಜೆ ಆಕೆ ತನ್ನ ಪಾವನ್ನು ಎರಡನೆಯ ಗುಡ್ಡೆಯಿಂದ ತಾನೇ ಅಳೆದುಕೊಂಡು ಹೋದಳು. ಮೂರನೆಯ ಗುಡ್ಡೆಯನ್ನು ಬುಟ್ಟಿಗೆ ತುಂಬಿ ಹೊಲದ ಬದುವಿಗೆ ಒಯ್ದು ಸುಟ್ಟರು. ನಾನು ಜಗಲಿಯ ಮೇಲೆ ಕುಳಿತು ಆ ಹೊಗೆಯನ್ನು ನೋಡುತ್ತಿದ್ದೆನು.